ನಾಲ್ಕನೇ ಪಾಳಿಗೊಬ್ಬ ಪ್ರೊಡ್ಯೂಸರ್

ನಮ್ಮ ತಂಡದಲ್ಲಿ ಹಾಡುವ ದಮಯಂತಿಯ ಗಂಟಲಿನ ಆಪರೇಷನ್ನಿಗೆ ದಿನ ಗೊತ್ತಾದದ್ದು ಒಂದು ಸೋಮವಾರ. ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಎಂದಿದ್ದರು ಡಾಕ್ಟರು. ಗಂಟು ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದೂ ಹೇಳಿದ್ದರು. ಅವಳು ಆಸ್ಪತ್ರೆಯಿಂದ ನೇರವಾಗಿ ಪಿಂಗಾಣಿ ಕಾರ್ಖಾನೆಯ ಅಚ್ಚಿನ ಶೆಡ್ಡಿಗೆ ಬಂದಳು. ನಾವು ಮೂವರು ಅಲ್ಲೇ ಕಾಯುತ್ತ ಕೂತಿದ್ದೆವು. ಕೈಚೀಲವನ್ನು ಡ್ರಮ್ಮಿನ ಪಕ್ಕ ಇಟ್ಟು, "ಹನ್ನೆರಡು ದಿನ ಇದೆ ಕಣ್ರೋ. ಪ್ರೊಡ್ಯೂಸರ್ ಹುಡುಕಿ" ಎಂದಳು. ಅಳಲಿಲ್ಲ. ಡ್ರಮ್ ಬಾರಿಸುವ ಮಸ್ತಾನ್ ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. ಗಿಟಾರಿನ ಬೆನ್ನಿ ಸರಿಯಾಗಿಯೇ ಇದ್ದ ತಂತಿಗಳನ್ನು ಮತ್ತೆ ಶ್ರುತಿ ಮಾಡತೊಡಗಿದ. ಇಪ್ಪತ್ತೊಂಬತ್ತು ವರ್ಷ ಇವರ ಜತೆ ಬೇಸ್ ಗಿಟಾರ್ ನುಡಿಸಿದ ನೇಮಿರಾಜನಾದ ನಾನು ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತೆ. ಅವರಿಗೆಲ್ಲ ಆಗಿದ್ದು ದುಃಖ. ನನಗೆ ಆದದ್ದು ಭಯ.

ನಮ್ಮ ಊರಿನಲ್ಲಿ ಗ್ರಾಮಫೋನ್ ಪ್ಲೇಟು ಒಬ್ಬ ಮನುಷ್ಯನ ಸದ್ದನ್ನು ಜೀವಮಾನದಲ್ಲಿ ಒಂದೇ ಸಲ ಹಿಡಿಯುತ್ತದೆ. ಮುಳ್ಳು ಇಳಿದಾಗಿನಿಂದ ಎತ್ತುವ ತನಕ, ಹೆಚ್ಚೆಂದರೆ ಇಪ್ಪತ್ತೆರಡು ನಿಮಿಷ. ಆಮೇಲೆ ಅದೇ ಮನುಷ್ಯ ಇನ್ನೊಂದು ಪ್ಲೇಟಿನ ಮುಂದೆ ನಿಂತು ಎದೆ ಬಿರಿಯುವ ಹಾಗೆ ಕೂಗಿದರೂ, ಡೋಲು ಹರಿಯುವ ಹಾಗೆ ಬಡಿದರೂ, ಪ್ಲೇಟು ಖಾಲಿಯೇ ಸುತ್ತುತ್ತದೆ. ಅದಕ್ಕೇ ಇಲ್ಲಿ ಜನರಲ್ಲಿ ಎರಡೇ ಬಗೆ: ಕೊಟ್ಟವರು, ಇಟ್ಟುಕೊಂಡವರು. ಹೆಚ್ಚಿನ ಹೆಂಗಸರು ಮೊದಲ ಮಗುವಿಗೆ ಜೋಗುಳ ಹಾಡಿ ಕೊಟ್ಟುಬಿಡುತ್ತಾರೆ. ಎರಡನೆಯ ಮಕ್ಕಳು ಅದನ್ನು ಜೀವಮಾನವಿಡೀ ಎತ್ತಿ ಆಡುತ್ತಾರೆ. ಲೆಕ್ಕದ ಮೇಡಂ ಪದ್ಮಾವತಮ್ಮ ಹತ್ತೊಂಬತ್ತರ ಮಗ್ಗಿ ಕೊಟ್ಟರು. ಸೀಮೆಎಣ್ಣೆ ಅಂಗಡಿಯ ತಿಪ್ಪೇರುದ್ರಪ್ಪ ಮೊಮ್ಮಗಳನ್ನು ಹರಸಲು ಹೋಗಿ ಪೂರ್ತಿ ಕೆಮ್ಮಿಬಿಟ್ಟ. ಅವರ ಮನೆಯಲ್ಲಿ ಹಬ್ಬ ಬಂದರೆ ಈಗಲೂ ಎಲ್ಲರೂ ಕೈಮುಗಿದು ಆ ಕೆಮ್ಮು ಕೇಳುತ್ತಾರೆ. ಇನ್ನು ಕೆಲವರು ಇವತ್ತು ಬೇಡ, ನಾಳೆ ಬೇಡ ಎಂದು ಇಟ್ಟುಕೊಂಡೇ ಹೋಗಿಬಿಡುತ್ತಾರೆ.

ಹಾಗಾಗಿ ಪ್ರೊಡ್ಯೂಸರ್ ಎಂದರೆ ಇಲ್ಲಿ ಸಣ್ಣ ಮನುಷ್ಯನಲ್ಲ. ಏನು ಕೊಡಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂದು ಹೇಳುವವನು ಅವನು. ಎಲ್ಲಕ್ಕಿಂತ ಹೆಚ್ಚಾಗಿ, ಮುಳ್ಳು ಇಳಿಸುವ ಗಳಿಗೆ ಅವನ ಕೈಯಲ್ಲಿರುತ್ತದೆ. ಒಂದು ಉಸಿರು ಮೊದಲಾದರೂ ಕೆಟ್ಟಿತು, ನಂತರವಾದರೂ ಕೆಟ್ಟಿತು. ತಪ್ಪಾದರೆ ಇನ್ನೊಮ್ಮೆ ಎನ್ನುವ ಮಾತಿಲ್ಲ.

ನಮ್ಮ ತಂಡದ ಹೆಸರು ನಾಲ್ಕನೇ ಪಾಳಿ. ಕಾರ್ಖಾನೆಯಲ್ಲಿ ಮೂರು ಪಾಳಿ. ಅದು ಮುಗಿಸಿ ಬಂದವರು ಶೆಡ್ಡಿನಲ್ಲಿ ಗಿಟಾರು ಡ್ರಮ್ಮು ಹಿಡಿಯುತ್ತಿದ್ದೆವು, ಅದೇ ನಾಲ್ಕನೆಯದು. ದಮಯಂತಿ ಹೊಳಪು ಬಳಿಯುವ ವಿಭಾಗದಲ್ಲಿದ್ದಳು, ನಾನು ಭಟ್ಟಿಯಲ್ಲಿ, ಬೆನ್ನಿ ಕರೆಂಟಿನ ಕೆಲಸ, ಮಸ್ತಾನ್ ಪ್ಯಾಕಿಂಗು. ಶುರುವಾಗಿ ಐದನೆಯ ವರ್ಷಕ್ಕೆ ಒಂದು ಜಗಳ ಹತ್ತಿಕೊಂಡು ತಂಡ ಒಡೆಯಿತು. ನಾಲ್ಕು ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮತ್ತೆ ಕೂಡಿದ ದಿನ ದಮಯಂತಿಯೇ ಆಣೆ ಹಾಕಿಸಿದಳು. ಮಸ್ತಾನನ ಡ್ರಮ್ಮಿನ ಮೇಲೆ ನಾಲ್ವರೂ ಕೈಯಿಟ್ಟು, ಯಾರೂ ಒಂಟಿಯಾಗಿ ಕೊಡುವುದಿಲ್ಲ, ಕೊಟ್ಟರೆ ನಾಲ್ವರೂ ಒಂದೇ ಪ್ಲೇಟಿಗೆ, ಎಂದೆವು. ಆಣೆ ಇಟ್ಟು ಇಪ್ಪತ್ತನಾಲ್ಕು ವರ್ಷವಾಯಿತು. ಊರಿನವರು ಕೇಳುತ್ತಲೇ ಇದ್ದರು, ನಾವು ಇನ್ನೂ ಹಣ್ಣಾಗಿಲ್ಲ ಎನ್ನುತ್ತಲೇ ಇದ್ದೆವು.

ಆ ದಿನ ಡ್ರಮ್ಮಿನ ಮೇಲೆ ಕೈಯಿಟ್ಟಾಗ ನಾನು ಆಗಲೇ ಕೊಟ್ಟವನಾಗಿದ್ದೆ.

ತಂಡ ಇನ್ನು ಕೂಡುವುದಿಲ್ಲ ಎಂದುಕೊಂಡಿದ್ದೆ. ನನ್ನದೇ ಒಂದು ಹಾಡಿತ್ತು. ದಮಯಂತಿ ನನ್ನ ದನಿಯನ್ನು ಒದ್ದೆ ಗೋಣಿಚೀಲ ಎಂದು ನಗಾಡುತ್ತಿದ್ದಳು, ಹಾಗಾಗಿ ಒಮ್ಮೆಯೂ ಹಾಡಲು ಬಿಟ್ಟಿರಲಿಲ್ಲ. ಆ ಸಿಟ್ಟೂ ಇತ್ತು. ಛತ್ರಿ ರಿಪೇರಿ ಅಂಗಡಿಯ ಮಹಡಿಯ ಮೇಲೆ ಸರ್ವಮಂಗಳಮ್ಮ ಎಂಬುವರು ಸಾಮಾನ್ಯ ಜನರ ಪ್ಲೇಟು ಮಾಡುತ್ತಿದ್ದರು. ಅಲ್ಲಿಗೆ ಹೋದೆ. "ಒಂದು ವಾರ ಬಿಟ್ಟು ಬಾರಪ್ಪ" ಎಂದರು. ಕೇಳಲಿಲ್ಲ. ಮೂರು ನಿಮಿಷ ಹಾಡಿದೆ. ಮುಳ್ಳು ಎತ್ತಿದರು, ಮುಗಿಯಿತು. ಹತ್ತೊಂಬತ್ತು ದಿನಕ್ಕೆ ಬೆನ್ನಿ ಮನೆಗೆ ಬಂದು, "ಬಾರೋ, ಎಲ್ರೂ ಸೇರ್ತಿದೀವಿ" ಎಂದು ತಬ್ಬಿಕೊಂಡ. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಆ ಪ್ಲೇಟನ್ನು ಒಮ್ಮೆ ಕೇಳಿ, ಚೂರು ಮಾಡಿ ಭಟ್ಟಿಗೆ ಎಸೆದೆ.

ಬುಧವಾರ ಮೊದಲನೆಯ ಪ್ರೊಡ್ಯೂಸರ್ ಬಂದರು. ಹೊಳೆಯಾಚೆಯ ವರ್ಣೇಕರ್ ಅವರ ಹೆಸರು ಕೇಳದವರಿಲ್ಲ. ಮೋಟಾಗಿ ಕತ್ತರಿಸಿದ ಬಿಳಿ ಕೂದಲು, ಕ್ಯಾನ್ವಾಸ್ ಶೂ, ಕೂತಲ್ಲಿ ಅಲುಗಾಡದ ಮನುಷ್ಯ. ನಾವು ಎರಡು ಗಂಟೆ ನುಡಿಸಿದೆವು. ಮುಗಿದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಿದರು, ಒಂದೂ ಸುಳ್ಳಿರಲಿಲ್ಲ. "ಮಸ್ತಾನ್ ಅವರೆ, ನೀವು ಖುಷಿಯಾದಾಗ ಓಡ್ತೀರಿ. ಬೆನ್ನಿಯವರೆ, ನಿಮಗೆ ಬೇಜಾರಾದ ಹಾಡು ಯಾವುದು ಅಂತ ನನಗೆ ಗೊತ್ತಾಯ್ತು, ಅದನ್ನ ಬಿಡೋಣ." ಆಮೇಲೆ ಎಲ್ಲ ಪ್ರೊಡ್ಯೂಸರುಗಳೂ ಕೇಳುವುದನ್ನು ಕೇಳಿದರು. "ನಾಲ್ವರೂ ಇಟ್ಟುಕೊಂಡವರೇ ತಾನೆ?"

ಇದನ್ನು ಪರೀಕ್ಷೆ ಮಾಡುವ ದಾರಿಯಿಲ್ಲ. ಮಾತಿನ ಮೇಲೆ ನಂಬಿಕೆ. ದಮಯಂತಿ ಹೌದೆಂದಳು, ಮಸ್ತಾನ್ ಹೌದೆಂದ, ಬೆನ್ನಿ ಹೌದೆಂದ. "ಹೌದು ಸರ್" ಎಂದೆ ನಾನು.

ವರ್ಣೇಕರ್ ತಮ್ಮ ಯೋಜನೆ ಹೇಳಿದರು. ಅವರ ಕಡೆಯಿಂದ ಐದು ಜನ ಬರುತ್ತಾರೆ. ಒಬ್ಬರು ಕೀಬೋರ್ಡಿಗೆ, ಮೂವರು ಕೋರಸ್ಸಿಗೆ. ಮತ್ತೊಬ್ಬರು ಎರಡನೇ ಬೇಸ್, ನನ್ನ ಹಿಂದೆಯೇ ನಿಂತು ನಾನು ನುಡಿಸಿದ್ದನ್ನೇ ನುಡಿಸಲಿಕ್ಕೆ. "ನಿಮಗೆಲ್ಲ ಅರವತ್ತರ ಹತ್ತಿರ. ಒಬ್ಬರ ಕೈ ನಡುಗಿದರೆ ಮುಚ್ಚೋದಕ್ಕೆ ಇನ್ನೊಂದು ಕೈ ಬೇಕು."

ಎರಡನೇ ಬೇಸ್ ಎಂದ ಕೂಡಲೇ ನನ್ನ ಬೆನ್ನಿನ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಪ್ಲೇಟು ನನ್ನನ್ನು ಹಿಡಿಯದಿದ್ದರೂ ಆ ಇನ್ನೊಬ್ಬರನ್ನು ಹಿಡಿಯುತ್ತದೆ. ಯಾರಿಗೂ ತಿಳಿಯುವುದಿಲ್ಲ.

ಎರಡನೆಯವರು ಯಾರೆಂದು ಬೆನ್ನಿ ಹೇಳಿದಾಗ ಆ ಮೂಟೆ ವಾಪಸು ಬಂತು. "ಸರ್ವಮಂಗಳಮ್ಮನ್ನೂ ಕೇಳೋಣ. ನಮ್ಮಮ್ಮನ ಜೋಗುಳ ಅವರೇ ಹಿಡಿದಿದ್ದು. ಅಷ್ಟು ಚೆನ್ನಾಗಿ ಯಾರೂ ಹಿಡಿಯಲ್ಲ" ಎಂದ. ಮಸ್ತಾನ್ ನಕ್ಕ. "ಅಜ್ಜಿ ಕೈಲಿ ರಾಕ್ ಬ್ಯಾಂಡಾ? ಡ್ರಮ್ ಸದ್ದಿಗೆ ಮಹಡಿ ಕುಸಿದು ಛತ್ರಿ ಅಂಗಡಿಗೆ ಬೀಳ್ತೀವಿ." ದಮಯಂತಿ ಮಾತ್ರ, ನೋಡಿದರೆ ಏನು ಗಂಟು ಹೋಗುತ್ತದೆ ಎಂದಳು. ಗುರುವಾರ ನಾಲ್ವರೂ ಹೋದೆವು.

ಮೆಟ್ಟಿಲು ಹತ್ತುವಾಗ ನಾನು ಬೇಕೆಂದೇ ಎಲ್ಲರಿಗಿಂತ ಹಿಂದೆ ಉಳಿದೆ. ಸರ್ವಮಂಗಳಮ್ಮನಿಗೆ ಎಂಬತ್ತು ದಾಟಿತ್ತು. ಒಬ್ಬೊಬ್ಬರನ್ನೂ ನೋಡಿದರು. ನನ್ನ ಮೇಲೆ ಕಣ್ಣು ಬಂದಾಗ ನಿಲ್ಲಲಿಲ್ಲ, ಮುಂದೆ ಹೋಯಿತು. ಮರೆತಿದ್ದಾರೆ ಎಂದುಕೊಂಡೆ. ಇಪ್ಪತ್ತನಾಲ್ಕು ವರ್ಷ, ಎಷ್ಟು ಸಾವಿರ ಜನ ಬಂದು ಹೋಗಿರುವುದಿಲ್ಲ. ಅವರು ಹಾಡು ಕೇಳುತ್ತೇನೆ ಎನ್ನಲಿಲ್ಲ. ದಮಯಂತಿಯನ್ನು ಪಕ್ಕ ಕೂರಿಸಿಕೊಂಡು, "ನಿಂಗೆ ಹಾಡುವಾಗ ಎಲ್ಲಿ ಭಯ ಆಗುತ್ತೆ ಮಗ?" ಎಂದರು. ಅವಳು ಯೋಚಿಸಿ, "ಬಿಳಿ ಕೈ ಹಾಡಿನಲ್ಲಿ, ಕೆಳಗಿಳಿಯೋ ಕಡೆ. ಅಲ್ಲಿ ದನಿ ಇರಲ್ಲ, ಬರೀ ಉಸಿರು. ಹೋಗೇಬಿಡ್ತೇನೋ ಅನ್ಸುತ್ತೆ" ಎಂದಳು. "ಹಂಗಾದ್ರೆ ಅದು ಇರ್ಬೇಕು" ಎಂದರು ಸರ್ವಮಂಗಳಮ್ಮ. ಆಮೇಲೆ ಕೇಳಬೇಕಾದ್ದನ್ನು ಕೇಳಿದರು. "ನೀನು ಇಟ್ಕೊಂಡಿದೀಯಾ?" ದಮಯಂತಿ ಹೌದೆಂದಳು. "ನೀನು?" ಬೆನ್ನಿ. "ನೀನಪ್ಪ?" ಮಸ್ತಾನ್. ಮುಂದಿನವನು ನಾನು. ಅವರು ಮಸ್ತಾನನಿಂದ ಮುಖ ತಿರುಗಿಸಿ, "ಕಾಫಿ ಕುಡೀತೀರೋ, ಮಜ್ಜಿಗೆಯೋ?" ಎಂದು ಎದ್ದರು. ನನ್ನನ್ನು ಕೇಳಲೇ ಇಲ್ಲ. ಉಳಿದ ಮೂವರಿಗೂ ಅದು ಗಮನಕ್ಕೇ ಬರಲಿಲ್ಲ.

ಹೊರಡುವಾಗ ನಾನು ಕೊನೆಯವನಾಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹಿಂದಿನಿಂದ ಮೆಲ್ಲಗೆ ಅಂದರು: "ಇಲ್ಲಿ ನಡೆದದ್ದು ಈ ಮೆಟ್ಟಿಲು ಇಳಿಯೋದಿಲ್ಲಪ್ಪ. ನಾನಾಗಿ ಹೇಳೋಳಲ್ಲ. ನೀನು ಹೇಳ್ಕೊಂಡರೆ ಒಳ್ಳೇದು."

ಶುಕ್ರವಾರ ಶೆಡ್ಡಿನಲ್ಲಿ ತೀರ್ಮಾನಕ್ಕೆ ಕೂತೆವು. ಮಸ್ತಾನ್ ವರ್ಣೇಕರ್ ಎಂದ. ಇರುವುದೊಂದು ಅವಕಾಶ, ಅದನ್ನು ದೊಡ್ಡವರ ಕೈಗೇ ಕೊಡಬೇಕು ಎಂಬುದು ಅವನ ವಾದ. ಬೆನ್ನಿ ಸರ್ವಮಂಗಳಮ್ಮ ಎಂದ, ಯಾಕೆಂದು ಹೇಳಲು ಅವನಿಗೆ ಬರಲಿಲ್ಲ. "ಅಲ್ಲಿ ಕೂತಾಗ ನನಗೆ ಅವಸರ ಆಗಲಿಲ್ಲ" ಎಂದಷ್ಟೇ ಹೇಳಿದ. ಇಬ್ಬರ ದನಿಯೂ ಏರಿತು. ದಮಯಂತಿ ಕೈ ಎತ್ತಿ ನಿಲ್ಲಿಸಿದಳು. ಮಾತಾಡಿದಷ್ಟೂ ಗಂಟಲಿಗೆ ಕಷ್ಟ, ಹಾಗಾಗಿ ಅವಳು ಈಗ ಮಾತನ್ನು ಎಣಿಸಿ ಆಡುತ್ತಿದ್ದಳು. "ನೇಮಿ, ನೀನು ಯಾವತ್ತೂ ನಿನಗೆ ಅಂತ ಏನೂ ಕೇಳಿದವನಲ್ಲ. ನೀ ಹೇಳಿದ್ದೇ ಆಗ್ಲಿ."

ಬಾಯಿ ತೆರೆದರೆ ಸತ್ಯ ಬರುತ್ತದೇನೋ ಎಂದು ಒಂದು ಗಳಿಗೆ ನನಗೇ ಅನಿಸಿತು. ಬಂದದ್ದು, "ವರ್ಣೇಕರ್."

ಬೆನ್ನಿ ತಲೆಯಾಡಿಸಿದ. ಸರಿ, ನೇಮಿ ಹೇಳಿದ ಮೇಲೆ ಮುಗಿಯಿತು ಎಂದು ಗಿಟಾರ್ ಎತ್ತಿಕೊಂಡ. ಅವನು ಅಷ್ಟು ಬೇಗ ಒಪ್ಪಿದ್ದು ಜಗಳಕ್ಕಿಂತ ಹೆಚ್ಚು ಚುಚ್ಚಿತು.

ಶನಿವಾರದಿಂದ ತಾಲೀಮು. ರೆಕಾರ್ಡಿಂಗು ಗುರುವಾರ ಎಂದು ನಿಗದಿಯಾಯಿತು. ವರ್ಣೇಕರ್ ಅರವತ್ತು ಹಾಡುಗಳಲ್ಲಿ ನಾಲ್ಕನ್ನು ಆರಿಸಿದರು. ಬಿಳಿ ಕೈ ಮೊದಲು. ಅದು ಪಿಂಗಾಣಿ ಮಣ್ಣು ಮೆತ್ತಿದ ಕೈಗಳ ಹಾಡು, ನಾವು ಮಾಡಿದ ಮೊದಲ ಹಾಡೂ ಅದೇ. ನನ್ನ ಬೇಸ್ ಒಂದೇ ಹದಿನಾರು ಎಣಿಕೆ ನಡೆದು, ಹದಿನೇಳಕ್ಕೆ ಮಸ್ತಾನ್ ಸೇರಿ, ಆಮೇಲೆ ಗಿಟಾರು, ಆಮೇಲೆ ಅವಳು. ಅದರಲ್ಲಿ ದನಿ ಕೆಳಗಿಳಿದು ಬರೀ ಉಸಿರಾಗುವ ಭಾಗವನ್ನು ವರ್ಣೇಕರ್ ತೆಗೆದುಹಾಕಿದರು. "ಇವರ ಗಂಟಲಿನ ಪರಿಸ್ಥಿತಿಯಲ್ಲಿ ಅಲ್ಲಿ ಅಪಾಯ ಇದೆ. ಮೇಲಿನ ಸ್ವರಗಳನ್ನ ಕೋರಸ್ಸಿಗೆ ಕೊಡೋಣ." ತಪ್ಪು ಮಾತಲ್ಲ. ಹಾಡು ದಿನದಿಂದ ದಿನಕ್ಕೆ ಚೊಕ್ಕವಾಗುತ್ತ ಬಂತು. ದಮಯಂತಿ ದಿನದಿಂದ ದಿನಕ್ಕೆ ಹಿಂದೆ ಹಿಂದೆ ನಿಲ್ಲತೊಡಗಿದಳು. ಹಿಂದೆಲ್ಲ ಅವಳು ಮೈಕಿನ ಕಂಬ ಹಿಡಿದು ನಿಂತರೆ ಶೆಡ್ಡಿನ ತಗಡು ನಡುಗುತ್ತಿತ್ತು. ಈಗ ಹೇಳಿದಲ್ಲಿ ಶುರು, ಹೇಳಿದಲ್ಲಿ ನಿಲುಗಡೆ. ಮಂಗಳವಾರ ವಿರಾಮದಲ್ಲಿ ನನ್ನ ಪಕ್ಕ ಬಂದು ಕೂತು, "ಚೆನ್ನಾಗ್ ಬರ್ತಿದೆ ಅಲ್ವಾ?" ಎಂದಳು. ನಾನು ಹ್ಞೂಂ ಎಂದೆ. "ನೀ ಹೇಳಿದ್ಯಲ್ಲ. ಅದಕ್ಕೇ ಧೈರ್ಯ" ಎಂದು ನನ್ನ ಭುಜ ತಟ್ಟಿ ಎದ್ದು ಹೋದಳು.

ಬುಧವಾರ ಬೆಳಿಗ್ಗೆ ವರ್ಣೇಕರ್ ಕಡೆಯ ಐವರು ಬಂದರು. ಎರಡನೇ ಬೇಸ್ ನುಡಿಸುವವಳು ಕಾತ್ಯಾಯಿನಿ. ಮೂವತ್ತೈದರ ಆಸುಪಾಸು, ಒಬ್ಬ ಮಗನ ತಾಯಿ, ಹೊಳೆಯಾಚೆ ಸಂಗೀತದ ಟೀಚರು. ಬಂದವಳೇ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಬೇಡ ಬೇಡ ಎಂದೆ. "ಇಲ್ಲ ಸರ್, ನಿಮ್ಮ ಬಿಳಿ ಕೈ ಕೇಳಿಯೇ ನಾನು ಬೇಸ್ ಹಿಡಿದದ್ದು. ಹೊಳೆ ದಡದಲ್ಲಿ ನುಡಿಸಿದ್ರಲ್ಲ, ಅಪ್ಪನ ಹೆಗಲ ಮೇಲೆ ಕೂತು ಕೇಳಿದ್ದೆ." ನಮ್ಮಿಬ್ಬರನ್ನೂ ಹಿಂದೆ ಮುಂದೆ ನಿಲ್ಲಿಸಿ ವರ್ಣೇಕರ್ ಒಮ್ಮೆ ನುಡಿಸಲು ಹೇಳಿದರು. ಅವಳು ನನ್ನ ಬೆರಳನ್ನು ನೆರಳಿನ ಹಾಗೆ ಹಿಂಬಾಲಿಸಿದಳು. ಮುಗಿದ ಮೇಲೆ ಸುಮ್ಮನಿರಲಾರದೆ ಕೇಳಿದೆ. "ಇಷ್ಟು ದಿನ ಇಟ್ಕೊಂಡಿದ್ದೆ ಅಲ್ವೇನಮ್ಮ. ನಿನ್ನ ಮಗನಿಗೆ ಅಂತ ಏನೂ ಕೊಡಲ್ವಾ?"

ಅವಳು ನಕ್ಕಳು. "ಮನೆಯಲ್ಲಿ ಜಗಳವೇ ಆಯ್ತು ಸರ್. ಮಗ ಎರಡು ದಿನದಿಂದ ಮಾತು ಬಿಟ್ಟಿದ್ದಾನೆ. ಆದರೆ ನಿಮ್ಮ ಹಿಂದೆ ನಿಂತು ಕೊಡೋದು ಎಲ್ಲರಿಗೂ ಸಿಗುತ್ತಾ? ನಿಮ್ಮ ಸದ್ದಿನ ಕೆಳಗೆ ನನ್ನದು ಕೇಳದಿದ್ರೂ ಪರವಾಗಿಲ್ಲ. ಅಲ್ಲೇ ಇರ್ತೀನಲ್ಲ, ಸಾಕು."

ನಾನು ಬೇಸಿನ ಪಟ್ಟಿ ಹೆಗಲಿಂದ ತೆಗೆದು ಅದನ್ನು ನೆಲಕ್ಕಿಟ್ಟೆ. ಎಲ್ಲರೂ ಶೆಡ್ಡಿನಲ್ಲೇ ಇದ್ದರು. "ಸರ್, ನಾನು ಕೊಟ್ಟವನು" ಎಂದೆ.

ವರ್ಣೇಕರ್‌ಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. "ಇಪ್ಪತ್ತನಾಲ್ಕು ವರ್ಷದ ಹಿಂದೆ ಕೊಟ್ಟಾಗಿದೆ. ಆಣೆ ಇಡೋಕೆ ಮುಂಚೆ. ಸುಳ್ಳು ಆಣೆ ಇಟ್ಟೆ. ಮೊನ್ನೆ ನಿಮಗೂ ಸುಳ್ಳು ಹೇಳಿದೆ. ಎರಡನೇ ಬೇಸ್ ಇದ್ರೆ ಗೊತ್ತಾಗಲ್ಲ ಅಂತ ನಿಮ್ಮನ್ನ ಆರಿಸಿದೆ."

ಕೋರಸ್ಸಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾತ್ಯಾಯಿನಿ ತನ್ನ ಬೇಸನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮಸ್ತಾನ್ ಡ್ರಮ್ಮಿನ ಹಿಂದಿನಿಂದ ಎದ್ದು ಬಂದು ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡೆ. ಅವನು ಹೊಡೆಯಲಿಲ್ಲ. "ನನ್ನ ರುಕ್ಸಾನ ಮದುವೆಯಾಗಿ ಆ ದೂರದೂರಿಗೆ ಹೊರಟಾಗ ಏನು ಕೇಳಿದ್ಲು ಗೊತ್ತೇನೋ ನಿಂಗೆ? ಅಬ್ಬಾ, ಒಂದು ದುವಾ ಹೇಳಿ ಪ್ಲೇಟು ಮಾಡಿಸ್ಕೊಡು, ಅಲ್ಲಿ ಕೇಳ್ಕೊಂಡಿರ್ತೀನಿ ಅಂದ್ಲು. ಆಣೆ ಇದೆ ಮಗಳೇ ಅಂದೆ. ಎಂಟು ವರ್ಷ ಆಯ್ತು ಅವಳು ನನ್ನ ಹತ್ರ ನೆಟ್ಟಗೆ ಮಾತಾಡಿ. ಯಾರ ಆಣೆ ಕಾಯ್ತಿದ್ದೆ ನಾನು? ನಿನ್ನದಾ?" ಕೊರಳಪಟ್ಟಿ ಬಿಟ್ಟು, ಶೆಡ್ಡಿನ ಬಾಗಿಲಲ್ಲಿ ಹೋಗಿ ಬೆನ್ನು ಹಾಕಿ ನಿಂತುಬಿಟ್ಟ.

ವರ್ಣೇಕರ್ ಬೈಯಲಿಲ್ಲ. ಕೆಲಸದ ಮನುಷ್ಯನ ಹಾಗೆ ದಮಯಂತಿಯ ಕಡೆ ತಿರುಗಿದರು. "ಈಗಲೂ ಕೆಟ್ಟಿಲ್ಲಮ್ಮ. ಇವರು ಹೊರಗಿರಲಿ. ಕಾತ್ಯಾಯಿನಿಗೆ ಎಲ್ಲ ಬಾಯಿಪಾಠ. ಅವಳೇ ನುಡಿಸ್ತಾಳೆ. ನಾಳೆಗೆ ತೊಂದರೆಯಿಲ್ಲ."

"ಆಗ್ಲಿ" ಎಂದ ಬಾಗಿಲಿನಿಂದ ಮಸ್ತಾನ್. "ಹಂಗೇ ಆಗ್ಲಿ."

ದಮಯಂತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ಇಲ್ಲಿ ಬರೆದು ತಿಳಿಸಲು ನನ್ನಿಂದಾಗದು. "ಯಾರ ಹತ್ರ ಕೊಟ್ಟೆ?" ಎಂದಳು.

"ಸರ್ವಮಂಗಳಮ್ಮನ ಹತ್ರ."

"ಅವರಿಗೆ ನೆನಪಿತ್ತಾ, ಮೊನ್ನೆ?"

"ಇತ್ತು."

ಅವಳು ಏನೋ ಲೆಕ್ಕ ಹಾಕುವವಳಂತೆ ಕಣ್ಣು ಮುಚ್ಚಿದಳು. ಅವತ್ತಿನ ಮಹಡಿ, ಒಬ್ಬೊಬ್ಬರಿಗೂ ಕೇಳಿದ ಪ್ರಶ್ನೆ, ನನಗೆ ಕೇಳದೆ ಬಿಟ್ಟದ್ದು, ಎಲ್ಲ ಆಗ ಹೊಳೆದಿರಬೇಕು. ಕಣ್ಣು ತೆರೆದು ಕಾತ್ಯಾಯಿನಿಯ ಹತ್ತಿರ ಹೋಗಿ ಅವಳ ಕೆನ್ನೆ ಸವರಿದಳು. "ನೀನು ಇಟ್ಕೋ ಮಗಳೇ. ಮನೆಗೆ ಹೋಗು, ಮಗ ಕಾಯ್ತಿರ್ತಾನೆ." ಆಮೇಲೆ ವರ್ಣೇಕರ್‌ಗೆ ಕೈಮುಗಿದಳು. "ನಿಮ್ಮಲ್ಲಿ ತಪ್ಪಿಲ್ಲ ಸರ್. ಆದರೆ ನಮ್ಮ ಮಾನ ಕಳೆಯೋಕೆ ಒಂದು ಮಾತು ಸಾಕಾಗಿತ್ತು ಆ ಹೆಂಗಸಿಗೆ. ನಮ್ಮೆದುರಿಗೆ ಇವನನ್ನ ಬೆತ್ತಲೆ ಮಾಡಲಿಲ್ಲ, ಇವನ ಬಾಯಲ್ಲಿ ಇನ್ನೊಂದು ಸುಳ್ಳು ಹೇಳಿಸಲೂ ಇಲ್ಲ. ನಾನು ಅಂಥವರ ಕೈಗೆ ಕೊಡ್ತೀನಿ."

ವರ್ಣೇಕರ್, "ಕೆಳಗಿಳಿಯೋ ಆ ಭಾಗ ಸೇರಿಸಿಕೊಳ್ಳೋದಾದ್ರೆ, ಅದಕ್ಕೆ ಮುಂಚೆ ಅವರಿಗೆ ನೀರು ಕೊಡಬೇಡಿ. ಗಂಟಲು ಒಣಗಿದ್ದರೇ ಚೆಂದ" ಎಂದು ಬೆನ್ನಿಗೆ ಹೇಳಿ, ತಮ್ಮವರನ್ನು ಕರೆದುಕೊಂಡು ಹೊರಟರು.

ಗುರುವಾರ ಬೆನ್ನಿ ಹೋಗಿ ಕೇಳಿಕೊಂಡ. ಶುಕ್ರವಾರ ಬೆಳಿಗ್ಗೆ ಬನ್ನಿ ಎಂದರಂತೆ ಸರ್ವಮಂಗಳಮ್ಮ, ನಾಲ್ವರೂ ಬರಬೇಕು ಎಂದರಂತೆ. ನಾನು ನನ್ನ ಬೇಸ್ ತೆಗೆದುಕೊಂಡು ಹೋದೆ. ಮಸ್ತಾನ್ ನನ್ನ ಕಡೆ ನೋಡಲಿಲ್ಲ. "ಇವನು ಯಾಕೆ?" ಎಂದು ಗೋಡೆಯನ್ನು ಕೇಳಿದ. "ಪ್ಲೇಟಿಗೆ ಹತ್ತೋದಿಲ್ಲ. ಇವನ ಮುಖ ನೋಡ್ಕೊಂಡು ಬಾರಿಸ್ಬೇಕಾ?"

"ಸರಿ, ಇವನು ಬೇಡ. ನೀನು ಬಾರಿಸು, ಕೇಳೋಣ" ಎಂದರು ಸರ್ವಮಂಗಳಮ್ಮ.

ಮಸ್ತಾನ್ ಹಲ್ಲು ಕಚ್ಚಿ ಬಿಳಿ ಕೈ ಶುರು ಮಾಡಿದ. ನಾನು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದೆ. ಒಂದು ನಿಮಿಷದೊಳಗೆ ಹಾಡು ಇಳಿಜಾರಿನಲ್ಲಿ ಬಿಟ್ಟ ಗಾಡಿಯಾಯಿತು. ಬೆನ್ನಿ ಅವನ ಹಿಂದೆ ಓಡಿದ, ದಮಯಂತಿಗೆ ಉಸಿರು ಸಿಗಲಿಲ್ಲ, ನಿಲ್ಲಿಸಿದಳು. ಮಸ್ತಾನ್ ಇನ್ನೊಮ್ಮೆ ಶುರು ಮಾಡಿದ, ಮತ್ತೆ ಅದೇ. ಮೂರನೆಯ ಸಲ ಕೋಲುಗಳನ್ನು ತೊಡೆಯ ಮೇಲಿಟ್ಟು ಕೂತ. "ಇಪ್ಪತ್ತೊಂಬತ್ತು ವರ್ಷ ಅವನ ಹೆಜ್ಜೆ ಹಿಡ್ಕೊಂಡು ನಡೆದಿದೀಯಪ್ಪ" ಎಂದರು ಅವರು. "ಸಿಟ್ಟಿರಲಿ, ಬಿಡು ಅನ್ನಲ್ಲ. ಪ್ಲೇಟಿಗೆ ಕೇಳದಿದ್ರೂ ನಿಮಗೆ ಕೇಳ್ಬೇಕು. ಅವನು ನುಡಿಸ್ಲಿ."

ನಾನು ಬೇಸ್ ಹಾಕಿಕೊಂಡೆ. ಇಡೀ ಇಪ್ಪತ್ತೆರಡು ನಿಮಿಷ ಒಮ್ಮೆ ನುಡಿಸಿದೆವು. ಅವರು ಮಷೀನಿನ ಪಕ್ಕ ಕೂತು ಕೇಳಿದರು, ಮುಳ್ಳು ಇಳಿಸಲಿಲ್ಲ. "ಇನ್ನೊಂದ್ಸಲ." ಎರಡನೆಯ ಸಲವೂ ಇಳಿಸಲಿಲ್ಲ. ಮೂರನೆಯ ಸಲದ ಹೊತ್ತಿಗೆ ದಮಯಂತಿಯ ದನಿ ಅಂಚಿನಲ್ಲಿ ಹರಿಯತೊಡಗಿತ್ತು. ಬೆನ್ನಿ ಎಂದೂ ಹಿರಿಯರಿಗೆ ಎದುರು ಮಾತಾಡಿದವನಲ್ಲ, ಅವನೇ ಮುಂದೆ ಬಂದ. "ಅಮ್ಮಾ, ಉಳಿದಿರೋದೇ ಇಷ್ಟು. ತಾಲೀಮಿಗೇ ಖರ್ಚು ಮಾಡಿಸ್ತಿದೀರಿ. ಆಮೇಲೆ ಏನು ಹಿಡೀತೀರಿ?" ಅವರು ಒಳಗೆ ಹೋದರು. ಮೊಸರನ್ನ ಕಲಸಿ ತಂದರು. ಯಾರಿಗೂ ಹಸಿವಿರಲಿಲ್ಲ, ಎಲ್ಲರೂ ತಿಂದೆವು. ಕೆಳಗೆ ಛತ್ರಿಯ ಕಡ್ಡಿ ಬಗ್ಗಿಸುವ ಸದ್ದು ಬರುತ್ತಿತ್ತು. ಮಧ್ಯಾಹ್ನ ಕಳೆಯಿತು. ಬೆನ್ನಿ ಹೇಳಿದ್ದು ಸರಿ ಎಂದು ನನಗೂ ಅನಿಸುತ್ತಿತ್ತು. ನನ್ನ ದೆಸೆಯಿಂದ ವರ್ಣೇಕರ್ ಅವರನ್ನು ಕಳೆದುಕೊಂಡೆವು, ನಾಳೆ ಬೆಳಿಗ್ಗೆ ಅವಳ ದನಿಯೂ ಹೋಗುತ್ತದೆ, ಕೊನೆಗೆ ಕೈಗೆ ಬರೀ ಖಾಲಿ ಪ್ಲೇಟು ಎಂದುಕೊಳ್ಳುತ್ತ ಬೇಸಿನ ತಂತಿ ಒರೆಸಿದೆ.

ನಾಲ್ಕು ಗಂಟೆಯ ಹೊತ್ತಿಗೆ ದಮಯಂತಿ ಚಾಪೆಯ ಮೇಲಿಂದ ಎದ್ದಳು. "ನನಗಿನ್ನು ಆಗಲ್ಲ. ಸುಮ್ನೆ ನಮ್ಮ ಖುಷಿಗೆ ಒಂದ್ಸಲ ಹಾಡಿ ಮನೆಗೆ ಹೋಗೋಣ" ಎಂದಳು. ಅವಳ ಮುಖದಲ್ಲಿದ್ದ ಭಯ ಹೋಗಿತ್ತು, ಸುಸ್ತೊಂದೇ ಉಳಿದಿತ್ತು. ಮೈಕಿನ ಹತ್ತಿರ ಹೋಗಿ, ಕಾರ್ಖಾನೆಯ ದಿನಗಳಲ್ಲಿ ನಿಲ್ಲುತ್ತಿದ್ದ ಹಾಗೆ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಳು. ನಾನು ಶುರು ಮಾಡಿದೆ. ಮೊದಲ ಎಣಿಕೆಗೇ ಕಣ್ಣಂಚಿನಲ್ಲಿ ಕಂಡಿತು: ಸರ್ವಮಂಗಳಮ್ಮನ ಕೈ ಮೆಲ್ಲನೆ ಇಳಿಯಿತು. ಮುಳ್ಳು ಪ್ಲೇಟಿಗೆ ತಾಗಿತು. ನಾನಲ್ಲದೆ ಬೇರೆ ಯಾರೂ ಅತ್ತ ತಿರುಗಿರಲಿಲ್ಲ. ಅವರು ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು.

ಈ ಗುಟ್ಟನ್ನು ಇಟ್ಟುಕೊಳ್ಳುವುದು ಹಳೆಯದಕ್ಕಿಂತ ಕಷ್ಟವಾಗಿತ್ತು. ಬೆರಳು ತಪ್ಪಬಾರದು, ಮುಖ ಬದಲಾಗಬಾರದು. ಮಸ್ತಾನ್ ಓಡಿದರೆ ತಡೆಯಬೇಕು, ತಡೆದದ್ದು ಅವನಿಗೆ ತಿಳಿಯಬಾರದು. ಕೆಳಗಿಳಿಯುವ ಜಾಗ ಬಂತು. ದಮಯಂತಿಯ ದನಿ ಇಳಿಯಿತು, ಇನ್ನೂ ಇಳಿಯಿತು, ಆಮೇಲೆ ಇಲ್ಲವಾಯಿತು. ಮುಂದಿನ ಸಾ‍ಲಿಗೆ ಅವಳ ಬಾಯಿ ತೆರೆಯಿತು, ಏನೂ ಬರಲಿಲ್ಲ. ಬೆನ್ನಿಯ ಕೈ ನಿಲ್ಲುವುದರಲ್ಲಿತ್ತು. ಮಸ್ತಾನ್ ನಿಲ್ಲಿಸಲಿಲ್ಲ. ಅವನು ಮೂರು ದಿನದಲ್ಲಿ ಮೊದಲ ಸಲ ನನ್ನ ಕಡೆ ನೋಡಿದ, ಡ್ರಮ್ಮಿನ ಅಂಚಿನ ಮೇಲೆ ಕೋಲಿನ ತುದಿಯಿಂದ ತಟ್ಟತೊಡಗಿದ, ನಾನು ಅದರ ಕೆಳಗೆ ಒಂದೇ ಸ್ವರ ಹಿಡಿದು ನಿಂತೆ. ನಾವು ಇಬ್ಬರೂ ಅವಳಿಗಾಗಿ ಕಾದೆವು. ಎಷ್ಟು ಹೊತ್ತೋ. ಅವಳು ಆ ಸಾಲನ್ನು ಹಾಡಲಿಲ್ಲ, ಎದುರಿಗೆ ಕೂತವರಿಗೆ ಹೇಳುವ ಹಾಗೆ ಹೇಳಿದಳು. ಅದರ ಮುಂದಿನದನ್ನು ಅರ್ಧ ಹೇಳಿ ಅರ್ಧ ಹಾಡಿದಳು. ಮೂರನೆಯದಕ್ಕೆ ದನಿ ವಾಪಸು ಬಂದು, ಮಹಡಿಯ ಹಲಗೆಗಳು ನಡುಗಿ, ಕೆಳಗಿನ ಛತ್ರಿಯವರು ಕೆಲಸ ನಿಲ್ಲಿಸಿದರು.

ಕೊನೆಯ ಹಾಡು ಮುಗಿದಾಗ ಮುಳ್ಳು ಎತ್ತಿದ ಸದ್ದಾಯಿತು. ಮೂವರೂ ಬೆಚ್ಚಿ ತಿರುಗಿದರು. "ಆಯ್ತು" ಎಂದರು ಸರ್ವಮಂಗಳಮ್ಮ. ದಮಯಂತಿ ನಿಂತಲ್ಲೇ ಕುಸಿದು ಕೂತು ನಗತೊಡಗಿದಳು. ಅವಳ ನಗುವನ್ನು ನಾನು ಕೇಳಿದ್ದು ಅದೇ ಕೊನೆ.

ಆಪರೇಷನ್ ಸರಿಯಾಗಿ ಆಯಿತು. ಒಂದೂವರೆ ತಿಂಗಳ ಮೇಲೆ ಅವಳ ಮನೆಯಲ್ಲಿ ನಾಲ್ವರೂ ಸೇರಿದೆವು. ಮಸ್ತಾನ್ ಬರುವುದಿಲ್ಲವೇನೋ ಎಂದುಕೊಂಡಿದ್ದೆ, ಬಂದ. ಮಗಳಿಗೂ ಒಂದು ಪ್ಲೇಟಿನ ಪ್ರತಿ ಕಳಿಸಿದ್ದ, ಅದರಲ್ಲಿ ದುವಾ ಇಲ್ಲ, ಬರೀ ಡ್ರಮ್ಮು. ಅವಳಿಂದ ಇನ್ನೂ ಕಾಗದ ಬಂದಿರಲಿಲ್ಲ. ಬೆನ್ನಿ ಪ್ಲೇಟು ಹಾಕಿದ. ಮೊದಲ ಹದಿನಾರು ಎಣಿಕೆ ಏನೂ ಇಲ್ಲ, ಮುಳ್ಳಿನ ಸರಸರ ಅಷ್ಟೇ. ಆಮೇಲೆ ಎಲ್ಲಿಂದಲೋ ಡ್ರಮ್ಮು ಬಂತು, ಗಿಟಾರು ಬಂತು, ಅವಳು ಬಂದಳು. ಅವಳು ಮಾತು ಕಳೆದುಕೊಂಡು ನಿಂತ ಕಡೆ ಕೋಲಿನ ತುದಿಯ ಟಕಟಕ ಒಂಟಿಯಾಗಿ ಕೇಳುತ್ತಿತ್ತು. ಅದರ ಕೆಳಗೆ ನಾನಿದ್ದೆ ಎಂದು ಆ ಕೋಣೆಯ ಹೊರಗಿನ ಯಾರಿಗೂ ಗೊತ್ತಾಗುವುದಿಲ್ಲ. ನಾನು ತಲೆ ತಗ್ಗಿಸಿ ಕೇಳಿದೆ. ದಮಯಂತಿ ಕುತ್ತಿಗೆಯ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ತನ್ನ ದನಿ ಕೇಳುತ್ತಿದ್ದಳು.

ಪ್ಲೇಟು ಮುಗಿದ ಮೇಲೆ ಮಸ್ತಾನ್ ಎದ್ದ. "ಹಿಂಗೆ ಕೇಳೋಕಾಗಲ್ಲ ಇದನ್ನ" ಎಂದ. "ತೂತು ಬಿದ್ದ ಕೊಡದ ಹಾಗಿದೆ." ಮೂಲೆಯಲ್ಲಿ ಒರಗಿಸಿದ್ದ ದಮಯಂತಿಯ ಮನೆಯ ಹಳೆಯ ಬೇಸನ್ನು ತಂದು ನನ್ನ ಮಡಿಲಿಗೆ ಹಾಕಿದ. ಪ್ರೀತಿಯಿಂದೇನಲ್ಲ, ಸೌದೆ ಹಾಕಿದ ಹಾಗೆ. "ನಾವು ಮೂರು ಜನ ಮುಗಿಸಿದ್ವಿ. ಇನ್ನು ಸತ್ತರೂ ಚಿಂತೆಯಿಲ್ಲ. ಇದನ್ನ ಎಲ್ಲಿ ಹಾಕಿದ್ರೂ ನೀನು ಹೋಗಿ ಕೂತು ನುಡಿಸ್ಬೇಕು. ನಿನಗೆ ಮಾತ್ರ ರಜೆ ಇಲ್ಲ. ತಿಳೀತಾ?"

ತಿಳಿಯಿತು ಎಂದೆ. ಅವನೇ ಮುಳ್ಳನ್ನು ಎತ್ತಿ ಮೊದಲಿಗೆ ಇಟ್ಟ. ಸರಸರ ಶುರುವಾಯಿತು. ಒಂದು ಎಣಿಕೆ ತಡವಾಗಿ ಸೇರಿಕೊಂಡೆ. ಮಸ್ತಾನ್ ನಾಲಗೆ ಲೊಚಗುಟ್ಟಿ, ಮುಳ್ಳನ್ನು ಮತ್ತೆ ಎತ್ತಿ ಹಿಡಿದು, ನಾನು ಸರಿಯಾಗಿ ಕೂತುಕೊಳ್ಳುವ ತನಕ ಕಾದ.